ಐದು ತೋಟದ ಮಳೆ ಪುಸ್ತಕ ಒಂದೇ ಫೈಲಿಗೆ: ಎಕ್ಸ್‌ಅರೇ, ನೆಟ್‌ಸಿಡಿಎಫ್ ಮತ್ತು ಡಿಟೈಪ್ ರಿಪೇರಿ

ಕೆಲಸ ಇಷ್ಟು. ಮೂಡಿಗೆರೆ ಸುತ್ತಮುತ್ತಲ 5 ಕಾಫಿ ತೋಟಗಳ ಮಳೆ ಪುಸ್ತಕಗಳು, 1984ರ ಜನವರಿ 1ರಿಂದ 2023ರ ಡಿಸೆಂಬರ್ 31ರವರೆಗೆ. ದಿನಕ್ಕೊಂದು ಸಾಲು. 14,610 ದಿನ, 5 ಮಾಪಕ, ಒಟ್ಟು 73,050 ಅಂಕಿ. ಇದನ್ನೆಲ್ಲ ಪೈಥಾನ್ ಭಾಷೆಯ ಎಕ್ಸ್‌ಅರೇ ಅನ್ನುವ ಲೈಬ್ರರಿಯಲ್ಲಿ ದಿನಾಂಕ, ಊರು, ಮಳೆ ನಕ್ಷತ್ರ ಅಂತ ಹೆಸರು ಹಚ್ಚಿ ಜೋಡಿಸಬೇಕು. ಆಮೇಲೆ ಹವಾಮಾನದ ಅಂಕಿಗಳಿಗೆ ಬಳಸುವ ನೆಟ್‌ಸಿಡಿಎಫ್ ಅನ್ನುವ ರೂಪದಲ್ಲಿ ಒಂದು ಫೈಲಾಗಿ ಉಳಿಸಬೇಕು. ಆ ಫೈಲನ್ನು ಯಾರು ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಸ್ತಕದಲ್ಲಿ ಇದ್ದದ್ದೇ ಸಿಗಬೇಕು.

ಜೋಡಿಸೋದು ಬೇಗ ಮುಗಿಯಿತು. ಉಳಿಸೋದೇ ಕಷ್ಟವಾಯಿತು. ಪೈಥಾನ್ ಒಳಗೆ ಒಂದು ಅರೇಯಲ್ಲಿ (ಅಂಕಿಗಳ ಸಾಲಿನಲ್ಲಿ) ಏನನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಫೈಲಿಗೆ ಅದು ಆಗಲ್ಲ. ಪ್ರತಿ ಅಂಕಣಕ್ಕೂ ಒಂದೇ ಒಂದು ಬಗೆ ಬೇಕು: ಪೂರ್ಣಾಂಕವೋ, ದಶಮಾಂಶವೋ, ಅಕ್ಷರವೋ. ಈ ಬಗೆಗೇ ಡಿಟೈಪ್ ಅಂತ ಹೆಸರು. ನಾವು ಹೇಳದಿದ್ದರೆ ಲೈಬ್ರರಿಯೇ ಊಹೆ ಮಾಡುತ್ತೆ. ಆ ಊಹೆ ಎಲ್ಲೆಲ್ಲಿ ತಪ್ಪಿತು, ಹೇಗೆ ಸರಿ ಮಾಡಿದೆ ಅನ್ನೋದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಸಾಮಾನು ಮತ್ತು ಖರ್ಚು

ಉಬುಂಟು ಹಾಕಿದ ಹಳೆಯ ಲ್ಯಾಪ್‌ಟಾಪ್. ಪೈಥಾನ್, ಕೋಷ್ಟಕ ಓದಲು ಪಾಂಡಾಸ್, ಅರೇಗಳಿಗೆ ನಂಪೈ, ಎಕ್ಸ್‌ಅರೇ, ನೆಟ್‌ಸಿಡಿಎಫ್4 ಪ್ಯಾಕೇಜು, ಜೊತೆಗೆ ಫೈಲಿನ ತಲೆಬರಹ ತೋರಿಸುವ ಎನ್‌ಸಿಡಂಪ್. ಇವೆಲ್ಲ ಉಚಿತ. ದುಡ್ಡು ಹೋಗಿದ್ದು ಟೈಪಿಂಗಿಗೆ. ತಿಂಗಳಿಗೆ ಒಂದು ಪುಟದಂತೆ 2,376 ಪುಟ (ಒಂದು ತೋಟದ ಪುಸ್ತಕ ಎರಡು ವರ್ಷ ತಡವಾಗಿ ಶುರು), ಪುಟಕ್ಕೆ 5 ರೂಪಾಯಿ, 11,880 ರೂಪಾಯಿ. ಒಂದು ತೋಟದ 480 ಪುಟಗಳನ್ನು ಮತ್ತೆ ಟೈಪ್ ಮಾಡಿಸಬೇಕಾಯಿತು, ಅದಕ್ಕೆ 2,400. ಒಟ್ಟು 14,280. ಆ ಎರಡನೇ ಖರ್ಚೂ ಡಿಟೈಪ್‌ನಿಂದಲೇ ಬಂದದ್ದು.

ಹಂತ 1: ಇಂಚು, ಸೆಂಟು

ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯೋದು ರೂಢಿ. 100 ಸೆಂಟಿಗೆ 1 ಇಂಚು, 1 ಇಂಚಿಗೆ 25.4 ಮಿಲಿಮೀಟರ್. ಅಂದರೆ 1 ಸೆಂಟು 0.254 ಮಿ.ಮೀ.

ಒಂದು ತೋಟದ ಪುಸ್ತಕದಲ್ಲಿ 1 ಇಂಚು 5 ಸೆಂಟನ್ನು 1.05 ಅಂತ ಬರೆದಿದ್ದಾರೆ. ಇನ್ನೊಂದರಲ್ಲಿ ಅದನ್ನೇ 1.5 ಅಂತ ಬರೆದಿದ್ದಾರೆ, ಒಂದೂವರೆ ಇಂಚಾದರೆ 1.50 ಅಂತ. ಕಾಗದದ ಮೇಲೆ ಇದರಲ್ಲಿ ಗೊಂದಲವೇ ಇಲ್ಲ. ಆದರೆ ಅಂಕಣವನ್ನು ಫ್ಲೋಟ್ (ದಶಮಾಂಶ ಬಗೆ) ಅಂತ ಓದಿಸಿದ ಕೂಡಲೇ 1.5 ಮತ್ತು 1.50 ಎರಡೂ ಒಂದೇ ಆಗುತ್ತವೆ. 26.67 ಮಿ.ಮೀ. ಮಳೆ 38.1 ಆಗಿಬಿಡುತ್ತೆ. ಮುಂದೆ ಎಷ್ಟೇ ಜಾಗ್ರತೆಯಿಂದ ಉಳಿಸಿದರೂ ಅದು ವಾಪಸ್ ಸಿಗಲ್ಲ.

ಮೊದಲ ಪ್ರಯತ್ನದಲ್ಲಿ ಪಾಂಡಾಸ್‌ಗೆ ಎಲ್ಲವನ್ನೂ ಅಕ್ಷರವಾಗಿಯೇ ಓದು ಅಂತ ಹೇಳಿದೆ. ಸಾಲಲಿಲ್ಲ. ಟೈಪ್ ಮಾಡಿದ್ದು ಸ್ಪ್ರೆಡ್‌ಶೀಟಿನಲ್ಲಿ. 1.50 ಅಂತ ಒತ್ತಿದರೆ ಅಲ್ಲೇ ಅದು 1.5 ಆಗಿ ಕೂತಿತ್ತು. ಕೆಲವು ವರ್ಷ 1-5 ಅಂತ ಗೆರೆ ಹಾಕಿ ಬರೆದಿದ್ದರು, ಅದು ಮೇ 1ನೇ ತಾರೀಖು ಆಗಿತ್ತು. ಪೈಥಾನ್‌ಗೆ ಬರುವ ಮೊದಲೇ ಅಂಕಿ ಹಾಳಾಗಿತ್ತು.

ಪರಿಹಾರ: ಖಾಲಿ ಶೀಟಿನಲ್ಲಿ ಅಂಕಣವನ್ನು ಮೊದಲು ಟೆಕ್ಸ್ಟ್ ಅಂತ ಮಾಡಿ, ಆಮೇಲೆ ಟೈಪ್ ಮಾಡಿಸಿದೆ. ಆ 480 ಪುಟ ಹೀಗೆ ಎರಡನೇ ಸಲ ಟೈಪ್ ಆದವು. ಪೈಥಾನ್‌ನಲ್ಲಿ ಚುಕ್ಕೆಯ ಎಡ ಬಲ ಬೇರೆ ಮಾಡಿ, ಆಯಾ ತೋಟದ ರೂಢಿ ನೋಡಿ, ಒಟ್ಟು ಸೆಂಟುಗಳನ್ನು ಪೂರ್ಣಾಂಕ ಮಾಡಿದೆ. 1 ಇಂಚು 5 ಸೆಂಟು ಅಂದರೆ 105, ಅಷ್ಟೇ. ದಶಮಾಂಶ ಇಲ್ಲವೇ ಇಲ್ಲ. ಈ ತೀರ್ಮಾನ ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಹಂತ 2: ಗೆರೆ, ನಿಲ್, ಹನಿ

ಮೊದಲ ಸಲ ಉಳಿಸಲು ಹೋದಾಗ ಎಕ್ಸ್‌ಅರೇ ನಿಂತಿತು. ಮಳೆ ಅಂಕಣದ ಡಿಟೈಪ್ ಆಬ್ಜೆಕ್ಟ್, ಅದರೊಳಗೆ ಬೇರೆ ಬೇರೆ ಬಗೆಯ ವಸ್ತುಗಳಿವೆ, ಬಗೆ ಊಹಿಸಲು ಆಗುತ್ತಿಲ್ಲ ಅಂತ ತಪ್ಪು ತೋರಿಸಿತು. ಇದು ಒಳ್ಳೆಯ ತಪ್ಪು. ಕೆಟ್ಟ ಫೈಲು ಬರೆಯದೆ ನಿಂತಿದೆಯಲ್ಲ.

ಅಂಕಣದಲ್ಲಿ ಅಂಕಿಗಳ ನಡುವೆ ಮೂರು ಗುರುತುಗಳಿದ್ದವು. ನಿಲ್, ಒಂದು ಅಡ್ಡ ಗೆರೆ, ಮತ್ತು ಹನಿ. ಅಂಕಿಯಲ್ಲದ್ದನ್ನೆಲ್ಲ ನ್ಯಾನ್ (ಅಂಕಿ ಇಲ್ಲ ಅನ್ನುವ ಗುರುತು) ಮಾಡಿಬಿಡುವ ಒಂದು ಸಾಲಿನ ಪರಿಹಾರ ಪಾಂಡಾಸ್‌ನಲ್ಲಿದೆ. ಅದನ್ನು ಬಳಸುವ ಮೊದಲು, 30 ವರ್ಷಕ್ಕೂ ಜಾಸ್ತಿ ಮಾಪಕ ನೋಡಿದ ತೋಟದ ರೈಟರನ್ನು, ಅಂದರೆ ಲೆಕ್ಕ ಬರೆಯುವವರನ್ನು, ಕೇಳಿದೆ.

"ಅಣ್ಣಾ, ಈ ಗೆರೆ ಅಂದ್ರೆ ಮಳೆ ಇಲ್ಲ ಅಂತಲಾ?"

"ಇಲ್ಲ ಕಣಪ್ಪಾ. ಮಳೆ ಇಲ್ದಿದ್ರೆ ನಿಲ್ ಅಂತ ಬರೀತೀನಿ. ಗೆರೆ ಅಂದ್ರೆ ಆವತ್ತು ನೋಡಿಲ್ಲ. ಮಾರನೇ ದಿನ ನೋಡಿದ್ದರಲ್ಲಿ ಎರಡೂ ದಿನದ್ದು ಸೇರಿರುತ್ತೆ."

"ಹನಿ ಅಂದ್ರೆ?"

"ನೆಲ ಒದ್ದೆ ಆಗಿದೆ, ಗಾಜಿಗೆ ಸಿಗೋವಷ್ಟಿಲ್ಲ."

ಹೀಗಾಗಿ ಮೂರಕ್ಕೂ ಬೇರೆ ಬೇರೆ ಜಾಗ ಬೇಕಾಯಿತು. ನಿಲ್ ಅಂದರೆ 0. ಗೆರೆ ಅಂದರೆ ಅಂಕಿ ಇಲ್ಲ. ಹನಿ ಅಂದರೆ 0, ಆದರೆ ಪಕ್ಕದಲ್ಲಿ ಒಂದು ಗುರುತು. ಆ ಗುರುತಿಗೆ ಬೇರೆ ಅಂಕಣ ಮಾಡಿದೆ, ಇಂಟ್8 ಬಗೆಯಲ್ಲಿ (1 ಬೈಟಿನ ಪೂರ್ಣಾಂಕ): 0 ಅಂದರೆ ಸಾಮಾನ್ಯ, 1 ಹನಿ, 2 ಎರಡು ದಿನದ ಮಳೆ ಸೇರಿದ್ದು. ಗೆರೆಯನ್ನೂ ಸೊನ್ನೆ ಮಾಡಿದ್ದರೆ ಮಳೆ ಇಲ್ಲದ ದಿನಗಳ ಲೆಕ್ಕವೇ ಕೆಡುತ್ತಿತ್ತು. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಂತು, ಅದಕ್ಕೆ ಮೊದಲು ಎಷ್ಟು ದಿನ ಒಣಗಿತ್ತು ಅನ್ನೋದನ್ನೇ ಈ ತೋಟದವರು ನೋಡಬೇಕಾಗಿರೋದು.

ಹಂತ 3: ದಿನಾಂಕ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತೆ. ಅದನ್ನೇ ಹಾಕೋಣ ಅಂತ ಪಾಂಡಾಸ್‌ನಲ್ಲಿ ಭಾರತದ ಸಮಯ ವಲಯ ಸಮೇತ ದಿನಾಂಕ ಮಾಡಿದೆ. ನನ್ನ ಆವೃತ್ತಿಯ ಎಕ್ಸ್‌ಅರೇಗೆ ಅದು ಹೋದ ತಕ್ಷಣ ಆಬ್ಜೆಕ್ಟ್ ಆಯಿತು. ಉಳಿಸುವಾಗ ಮತ್ತೆ ಅದೇ ತಪ್ಪು. ನಂಪೈಯ ಡೇಟ್‌ಟೈಮ್64ಗೆ ಸಮಯ ವಲಯ ಗೊತ್ತಿಲ್ಲ, ಹಾಗಾಗಿ ಹೀಗೆ.

ವಲಯ ತೆಗೆದು ಸುಮ್ನೆ 8:30 ಅಂತ ಇಟ್ಟರೆ ಫೈಲು ಬರೆಯುತ್ತೆ. ಆದರೆ ಓದುವ ಸಾಫ್ಟ್‌ವೇರು ವಲಯ ಹೇಳದ ಸಮಯವನ್ನು ಗ್ರೀನಿಚ್ ಸಮಯ ಅಂತಲೇ ಹಿಡಿಯುತ್ತೆ. ಅದಕ್ಕೆ ಮೊದಲು ಗ್ರೀನಿಚ್‌ಗೆ ಬದಲಾಯಿಸಿದೆ, 3:00 ಗಂಟೆ ಆಯಿತು. ಆಮೇಲೆ ವಲಯ ತೆಗೆದೆ.

ಮುಂದಿನ ತೊಡಕು ಏಕಮಾನ. ನೆಟ್‌ಸಿಡಿಎಫ್‌ನಲ್ಲಿ ದಿನಾಂಕ ಅನ್ನುವ ಬಗೆ ಇಲ್ಲ. ಯಾವುದೋ ಒಂದು ದಿನದಿಂದ ಇಷ್ಟು ದಿನ, ಇಷ್ಟು ಗಂಟೆ ಅಂತ ಅಂಕಿ ಇರುತ್ತೆ. 1984ರ ಜನವರಿ 1ರ ಮಧ್ಯರಾತ್ರಿಯಿಂದ ಎಷ್ಟು ದಿನ ಅಂತ ಕೇಳಿದರೆ 3 ಗಂಟೆ ಅಂದರೆ 0.125 ದಿನ, ಪೂರ್ಣಾಂಕಕ್ಕೆ ಹಿಡಿಸಲ್ಲ. ಎಕ್ಸ್‌ಅರೇ ಎಚ್ಚರಿಕೆ ಕೊಟ್ಟು ಏಕಮಾನವನ್ನೇ ಗಂಟೆಗೆ ಬದಲಾಯಿಸಿತು. ತಪ್ಪೇನಿಲ್ಲ, ಆದರೆ ನಾನು ಕೇಳಿದ್ದು ದಿನ. ಕೊನೆಗೆ ಲೆಕ್ಕ ಶುರುವಾಗುವ ಹೊತ್ತನ್ನೇ 1984ರ ಜನವರಿ 1, 3:00 ಗಂಟೆ ಅಂತ ಇಟ್ಟೆ. ಆಗ ದಿನಗಳು 0, 1, 2 ಅಂತ 14,609ರವರೆಗೆ ನೀಟಾಗಿ ಪೂರ್ಣಾಂಕ. ಡಿಟೈಪ್ ಇಂಟ್32 ಅಂತ ನಾನೇ ಬರೆದೆ. ಎರಡು ತೋಟಗಳಲ್ಲಿ 7 ಗಂಟೆಗೇ ಮಾಪಕ ನೋಡುತ್ತಾರೆ. ಅದನ್ನು ಸಮಯದ ಅಂಕಣಕ್ಕೆ ತರದೆ ಟಿಪ್ಪಣಿಯಾಗಿ ಸೇರಿಸಿದೆ.

ಹಂತ 4: ಮಳೆಯ ಅಂಕಿಗೆ ಎಷ್ಟು ದೊಡ್ಡ ಡಬ್ಬ

ಜಾಸ್ತಿ ಹೊತ್ತು ತಿಂದ ಹಂತ ಇದೇ.

ಹವಾಮಾನದ ಫೈಲುಗಳಲ್ಲಿ ಒಂದು ಹಳೆಯ ಪದ್ಧತಿ ಇದೆ. ದಶಮಾಂಶ ಅಂಕಿಯನ್ನು ಒಂದು ಸ್ಕೇಲ್ ಫ್ಯಾಕ್ಟರ್‌ನಿಂದ ಭಾಗಿಸಿ, ಪೂರ್ಣಾಂಕ ಮಾಡಿ, 2 ಬೈಟಿನ ಇಂಟ್16ರಲ್ಲಿ ಇಡೋದು. ಓದುವಾಗ ಗುಣಿಸಿ ವಾಪಸ್ ತರೋದು. ನಾನೂ ಮಿಲಿಮೀಟರಿಗೆ ಬದಲಾಯಿಸಿ, ಸ್ಕೇಲ್ ಫ್ಯಾಕ್ಟರ್ 0.01 ಇಟ್ಟೆ. ಎರಡು ದಶಮಾಂಶ ಸ್ಥಾನ ಸಾಕಲ್ವಾ ಅನ್ನೋದು ಲೆಕ್ಕ.

ಇಂಟ್16ರಲ್ಲಿ ಹಿಡಿಯುವ ಅತಿ ದೊಡ್ಡ ಅಂಕಿ 32,767. 0.01ರಿಂದ ಗುಣಿಸಿದರೆ 327.67 ಮಿ.ಮೀ., ಅಂದರೆ 12 ಇಂಚು 90 ಸೆಂಟು. ಘಟ್ಟದ ಅಂಚಿನ ಊರಿಗೆ ಇದು ಸಾಲದು. ಉಳಿಸುವ ಮೊದಲು ಪರೀಕ್ಷೆಗೆಂದು 16 ಇಂಚು 24 ಸೆಂಟಿನ ಒಂದು ಸಾಲು ಸೇರಿಸಿದೆ. ಅದು 412.5 ಮಿ.ಮೀ. ಆಸುಪಾಸು. ವಾಪಸ್ ಓದಿದಾಗ ಬಂದದ್ದು ಮೈನಸ್ 242.86. ತಪ್ಪೂ ಇಲ್ಲ, ಎಚ್ಚರಿಕೆಯೂ ಇಲ್ಲ. ಅಂಕಿ ಡಬ್ಬಕ್ಕೆ ಹಿಡಿಸದೆ ಒಂದು ಸುತ್ತು ಹೊಡೆದು ಇನ್ನೊಂದು ಕಡೆಯಿಂದ ಬಂದಿದೆ. 41,250ರಿಂದ 65,536 ಕಳೆದರೆ ಮೈನಸ್ 24,286.

ಮೈನಸ್ ಮಳೆ ಆದರೂ ಕಣ್ಣಿಗೆ ಬೀಳುತ್ತೆ. ಆಮೇಲೆ 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಸುರಿದ 944.2 ಮಿ.ಮೀ. ಮಳೆಯನ್ನು ಹಾಕಿ ನೋಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ವಾಪಸ್ ಬಂದದ್ದು 288.84 ಅಂತ. ಇದನ್ನು ಯಾರು ಹಿಡಿಯುತ್ತಾರೆ? ಮಳೆಗಾಲದ ಒಂದು ಜೋರು ದಿನ ಅನ್ನುವ ಹಾಗೇ ಇದೆ. ದೇಶದ ಹವಾಮಾನ ಚರಿತ್ರೆಯ ಅಷ್ಟು ದೊಡ್ಡ ದಿನ ಸದ್ದಿಲ್ಲದೆ ಮಾಯ.

0.1 ಮಾಡಿದರೆ 3,276.7 ಮಿ.ಮೀ.ವರೆಗೆ ಹಿಡಿಯುತ್ತೆ, ಆದರೆ 0.254ರ ಗುಣಕಗಳು ಉರುಟಾಗಿ ಹೋಗುತ್ತವೆ. 1 ಸೆಂಟು ಮಳೆ 0.3 ಆಗುತ್ತೆ, 2 ಸೆಂಟು 0.5 ಆಗುತ್ತೆ.

ಆಗ ಹಂತ 1ರ ಸೆಂಟು ನೆನಪಾಯಿತು. ಮಳೆ ಅಳೆಯುವ ಗಾಜಿನ ಮೇಲಿರುವ ಅತಿ ಚಿಕ್ಕ ಗೆರೆ 1 ಸೆಂಟು. ಹಾಗಾದರೆ ಸ್ಕೇಲ್ ಫ್ಯಾಕ್ಟರನ್ನೂ 0.254 ಇಟ್ಟರೆ? ಫೈಲಿನೊಳಗೆ ಇರೋದು ಸೆಂಟುಗಳೇ, ಪುಸ್ತಕದಲ್ಲಿ ಇದ್ದ ಹಾಗೇ ಪೂರ್ಣಾಂಕ. ಓದುವವನಿಗೆ ಮಿಲಿಮೀಟರ್ ಕಾಣುತ್ತೆ. ಉರುಟು ಮಾಡುವ ಪ್ರಶ್ನೆಯೇ ಇಲ್ಲ. 32,767 ಸೆಂಟು ಅಂದರೆ ದಿನಕ್ಕೆ 327 ಇಂಚು, ಇನ್ನು ಸುತ್ತು ಹೊಡೆಯೋದೂ ಇಲ್ಲ. ನಾಲ್ಕು ತೋಟದ ಪುಸ್ತಕ ಒಂದು ಅಂಕಿಯೂ ಬದಲಾಗದೆ ಹೋಗಿ ಬಂತು.

ಐದನೆಯದರಲ್ಲಿ ಕೆಟ್ಟಿತು. ಆ ತೋಟದವರು ನಡುವೆ ಯಾವಾಗಲೋ ಮಿಲಿಮೀಟರ್ ಗಾಜಿಗೆ ಬದಲಾಗಿದ್ದಾರೆ. ಅಲ್ಲಿ ಚಿಕ್ಕ ಗೆರೆ 0.1 ಮಿ.ಮೀ. ಪುಸ್ತಕದ 12.3 ಅನ್ನು 0.254ರಿಂದ ಭಾಗಿಸಿದರೆ 48.43, ಉರುಟಾಗಿ 48, ವಾಪಸ್ ಬಂದಾಗ 12.192.

ಎರಡು ಗಾಜಿಗೂ ಒಪ್ಪುವ ಒಂದು ಅಳತೆ ಬೇಕಿತ್ತು. 0.254 ಮತ್ತು 0.1, ಅಂದರೆ ಸಾವಿರದ ಲೆಕ್ಕದಲ್ಲಿ 254 ಮತ್ತು 100. ಎರಡನ್ನೂ ಪೂರ್ತಿಯಾಗಿ ಭಾಗಿಸುವ ದೊಡ್ಡ ಅಂಕಿ 2. ಹಾಗಾಗಿ ಸ್ಕೇಲ್ ಫ್ಯಾಕ್ಟರ್ 0.002. ಒಂದು ಸೆಂಟು ಅಂದರೆ 127, ಮಿಲಿಮೀಟರ್ ಗಾಜಿನ ಒಂದು ಗೆರೆ ಅಂದರೆ 50. ಎರಡೂ ಪೂರ್ಣಾಂಕ. ಆದರೆ ಇಂಟ್16ರಲ್ಲಿ ಇದು 65.5 ಮಿ.ಮೀ.ಗೇ ತುಂಬಿಹೋಗುತ್ತೆ. ಆದ್ದರಿಂದ 4 ಬೈಟಿನ ಇಂಟ್32 ತೆಗೆದುಕೊಂಡೆ. 73,050 ಅಂಕಿಗೆ 2,92,200 ಬೈಟು. ಸುಮ್ಮನೆ ಫ್ಲೋಟ್64ರಲ್ಲಿ ಬಿಟ್ಟಿದ್ದರೆ 5,84,400. ಇಷ್ಟು ಚಿಕ್ಕ ಫೈಲಿನಲ್ಲಿ ಜಾಗದ ಉಳಿತಾಯ ದೊಡ್ಡ ವಿಷಯವಲ್ಲ. ನನಗೆ ಬೇಕಾಗಿದ್ದು ರೈಟರ್ ಬರೆದ ಅಂಕಿ ಹಾಗೇ ಉಳಿಯೋದು. ಯಾವ ಗಾಜು ಅನ್ನೋದಕ್ಕೂ ಒಂದು ಇಂಟ್8 ಅಂಕಣ ಸೇರಿಸಿದೆ.

ಹಂತ 5: ಗೆರೆ ಹಾಕಿದ ದಿನಗಳು

ನ್ಯಾನ್ ಅನ್ನೋದು ದಶಮಾಂಶ ಬಗೆಯಲ್ಲಿ ಮಾತ್ರ ಇರುತ್ತೆ. ಪೂರ್ಣಾಂಕದಲ್ಲಿ ಅದಕ್ಕೆ ಜಾಗ ಇಲ್ಲ. ಡಿಟೈಪ್ ಇಂಟ್32 ಅಂತ ಹೇಳಿ ಫಿಲ್‌ವ್ಯಾಲ್ಯೂ (ಕಾಣೆಯಾದ ಜಾಗಕ್ಕೆ ತುಂಬುವ ಅಂಕಿ) ಹೇಳದೆ ಬಿಟ್ಟಾಗ ಎಕ್ಸ್‌ಅರೇ ಒಂದು ಎಚ್ಚರಿಕೆ ಮಾತ್ರ ಕೊಟ್ಟಿತು, ಫೈಲು ಬರೆಯಿತು. ಗೆರೆ ಹಾಕಿದ ದಿನಗಳ ಜಾಗದಲ್ಲಿ ಮೈನಸ್ 2,147,483,648. 0.002ರಿಂದ ಗುಣಿಸಿದರೆ ಮೈನಸ್ 42 ಲಕ್ಷ ಚಿಲ್ಲರೆ ಮಿಲಿಮೀಟರ್. ಒಂದು ತಿಂಗಳ ಸರಾಸರಿ ತೆಗೆದಾಗಲೇ ಗೊತ್ತಾಯಿತು. ಇಂಟ್16 ಆಗಿದ್ದಾಗ ಇದೇ ಪ್ರಯೋಗದಲ್ಲಿ 0 ಬಂದಿತ್ತು. ಅದು ಇನ್ನೂ ಕೆಟ್ಟದ್ದು, ನೋಡದ ದಿನ ಮಳೆ ಇಲ್ಲದ ದಿನ ಆಗಿಬಿಡುತ್ತೆ.

ಫಿಲ್‌ವ್ಯಾಲ್ಯೂ ಮೈನಸ್ 9,999 ಅಂತ ಕೊಟ್ಟೆ. ಒಂದು ಮಾತು ಗಮನಿಸಿ. ಇದು ಗುಣಿಸುವ ಮೊದಲಿನ, ಫೈಲಿನೊಳಗಿನ ಅಂಕಿ. ಮಿಲಿಮೀಟರ್ ಅಲ್ಲ. ಮತ್ತೆ, ಇದನ್ನು ಎನ್‌ಕೋಡಿಂಗ್‌ನಲ್ಲಿ (ಫೈಲಿಗೆ ಹೇಗೆ ಬರೆಯಬೇಕು ಅನ್ನುವ ಸೂಚನೆ) ಕೊಡಬೇಕು. ಅಟ್ರಿಬ್ಯೂಟ್‌ನಲ್ಲೂ (ಅಂಕಣದ ಜೊತೆಗಿರುವ ವಿವರ) ಅದೇ ಹೆಸರು ಉಳಿದಿದ್ದರೆ ಎಕ್ಸ್‌ಅರೇ ಉಳಿಸಲು ಒಪ್ಪಲ್ಲ, ಮೊದಲು ಅದನ್ನು ತೆಗೆ ಅಂತ ಹೇಳುತ್ತೆ.

ಇದರ ತಿರುವುಮುರುವು ಅಕ್ಷಾಂಶ ರೇಖಾಂಶದಲ್ಲಿ. ಅವು ಫ್ಲೋಟ್ ಆಗಿರೋದರಿಂದ ಎಕ್ಸ್‌ಅರೇ ತಾನಾಗಿಯೇ ನ್ಯಾನ್ ಅನ್ನು ಫಿಲ್‌ವ್ಯಾಲ್ಯೂ ಅಂತ ಹಚ್ಚುತ್ತೆ. ಮಾಪಕ ಇರುವ ಜಾಗ ಕಾಣೆಯಾಗೋದು ಅಂದರೇನು? ಅವಕ್ಕೆ ಫಿಲ್‌ವ್ಯಾಲ್ಯೂ ಬೇಡ ಅಂತ ನನ್ (ಪೈಥಾನ್‌ನಲ್ಲಿ ಏನೂ ಇಲ್ಲ ಅನ್ನುವ ಪದ, None) ಕೊಟ್ಟು ತೆಗೆಸಿದೆ.

ಹಂತ 6: ಹೌದು, ಅಲ್ಲ, ಗೊತ್ತಿಲ್ಲ

"ಮಳೆ ದಿನ ಹೌದೋ ಅಲ್ಲವೋ" ಅನ್ನುವ ಒಂದು ಬೂಲ್ ಅಂಕಣ ಮಾಡಿದ್ದೆ. ನೆಟ್‌ಸಿಡಿಎಫ್‌ನಲ್ಲಿ ಬೂಲ್ ಇಲ್ಲ. ಎಕ್ಸ್‌ಅರೇ ಅದನ್ನು ಇಂಟ್8 ಮಾಡಿ, ಪಕ್ಕದಲ್ಲಿ ಇದು ಬೂಲ್ ಅಂತ ಒಂದು ಅಟ್ರಿಬ್ಯೂಟ್ ಬರೆಯುತ್ತೆ. ಮತ್ತೆ ಎಕ್ಸ್‌ಅರೇಯಲ್ಲೇ ಓದಿದರೆ ಬೂಲ್ ಆಗಿಯೇ ಬರುತ್ತೆ. ಇಲ್ಲಿಯವರೆಗೆ ಸರಿ.

ಒಂದು ತೋಟದ ಪುಸ್ತಕ 1986ರಿಂದ ಶುರು. ಉಳಿದವುಗಳ ಜೊತೆ ಹೊಂದಿಸಲು ದಿನಾಂಕಗಳನ್ನು ಉದ್ದ ಮಾಡಿದಾಗ, ಇಲ್ಲದ ಎರಡು ವರ್ಷಕ್ಕೆ ನ್ಯಾನ್ ತುಂಬಿತು. ನ್ಯಾನ್ ತುಂಬಲು ಪೂರ್ಣಾಂಕ ಫ್ಲೋಟ್ ಆಗುತ್ತೆ, ಬೂಲ್ ಆಬ್ಜೆಕ್ಟ್ ಆಗುತ್ತೆ. ಉಳಿಸಿದಾಗ ಅದು ಫ್ಲೋಟ್ ಆಗಿ 1.0, 0.0, ನ್ಯಾನ್ ಅಂತ ಹೋಯಿತು. ಓದಿದ ಮೇಲೆ ಮತ್ತೆ ಬೂಲ್ ಮಾಡಿದೆ. ನಂಪೈಯಲ್ಲಿ ನ್ಯಾನ್ ಅನ್ನು ಬೂಲ್ ಮಾಡಿದರೆ ಹೌದು ಅಂತ ಆಗುತ್ತೆ. ಪುಸ್ತಕವೇ ಇಲ್ಲದ ಎರಡು ವರ್ಷ, 731 ದಿನವೂ ಮಳೆ!

ಬೂಲ್ ಬಿಟ್ಟೆ. ಇಂಟ್8ರಲ್ಲಿ 1, 0, ಮೈನಸ್ 1. ದಿನಾಂಕ ಉದ್ದ ಮಾಡುವಾಗಲೇ ತುಂಬುವ ಅಂಕಿ ಮೈನಸ್ 1 ಅಂತ ಹೇಳಿದರೆ ಬಗೆ ಬದಲಾಗಲ್ಲ. ಮೂರು ಉತ್ತರ ಇರುವ ಪ್ರಶ್ನೆಗೆ ಬೂಲ್ ಸರಿಹೋಗಲ್ಲ ಅನ್ನೋದು ಈಗ ನನ್ನ ಖಚಿತ ಅಭಿಪ್ರಾಯ.

ಇದೇ ತರಹ, ಅಟ್ರಿಬ್ಯೂಟ್‌ನಲ್ಲಿ ಬೂಲ್ ಅಥವಾ ನನ್ ಇಟ್ಟರೂ ಉಳಿಸುವಾಗ ತಪ್ಪು ಬರುತ್ತೆ. ಅಲ್ಲಿ ಅಂಕಿ ಅಥವಾ ಅಕ್ಷರ ಮಾತ್ರ. ಹೌದು, ಇಲ್ಲ ಅಂತ ಅಕ್ಷರದಲ್ಲೇ ಬರೆದೆ.

ಹಂತ 7: ಊರ ಹೆಸರು, ನಕ್ಷತ್ರದ ಹೆಸರು

ಮಾಪಕಗಳಿಗೆ ಊರ ಹೆಸರನ್ನೇ ಕನ್ನಡದಲ್ಲಿ ಇಟ್ಟೆ. ಬಾಳೂರು, ಜಾವಳಿ, ಬಣಕಲ್, ಗೋಣಿಬೀಡು. ಐದನೆಯದಕ್ಕೆ ಮೊದಲು "ತೋಟ-5" ಅಂತ ತಾತ್ಕಾಲಿಕವಾಗಿ ಹಾಕಿ, ಆಮೇಲೆ ನಂಪೈ ಅರೇಯಲ್ಲೇ ಕೊಟ್ಟಿಗೆಹಾರ ಅಂತ ಬದಲಾಯಿಸಿದೆ. ಫೈಲಿನಲ್ಲಿ ಬಂದದ್ದು "ಕೊಟ್ಟಿಗೆ".

ನಂಪೈಯ ಅಕ್ಷರ ಅರೇಗೆ ಅಗಲ ಮೊದಲೇ ಗೊತ್ತುಪಡಿಸಿರುತ್ತೆ. ಆಗ ಇದ್ದ ಹೆಸರುಗಳಲ್ಲಿ ಉದ್ದದ್ದು ಗೋಣಿಬೀಡು. ಯೂನಿಕೋಡ್ ಲೆಕ್ಕದಲ್ಲಿ ಅಕ್ಷರ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ, ಒಟ್ಟು 8. ಕೊಟ್ಟಿಗೆಹಾರಕ್ಕೆ 11 ಬೇಕು. 8ಕ್ಕೆ ಕತ್ತರಿಸಿತು, ಸದ್ದಿಲ್ಲದೆ. ಕನ್ನಡದಲ್ಲಿ ಕಣ್ಣಿಗೆ ಕಾಣುವ ಅಕ್ಷರ ಎಣಿಸಿ ಅಗಲ ಕೊಟ್ಟರೆ ಸಾಲದು, ಒತ್ತಕ್ಷರದೊಳಗಿನ ಹಲಂತ ಚಿಹ್ನೆಯೂ ಒಂದು ಅಂತ ಎಣಿಸಬೇಕು. ಹೆಸರುಗಳ ಪಟ್ಟಿ ಪೂರ್ತಿಯಾದ ಮೇಲೆ ಅರೇ ಮಾಡೋದೇ ಸುಲಭ.

ನಕ್ಷತ್ರ ಬೇರೆ ಕಥೆ. ಇಲ್ಲಿನವರು ಮಳೆಯನ್ನು ಕೇಳೋದೇ ಆರ್ದ್ರಾ ಎಷ್ಟು ಬಂತು, ಪುನರ್ವಸು ಎಷ್ಟು ಬಂತು ಅಂತ. ಒಂದೊಂದು ನಕ್ಷತ್ರ 13, 14 ದಿನ ಇರುತ್ತೆ. ಹಾಗಾಗಿ ಪ್ರತಿ ದಿನಕ್ಕೂ ಅದರ ನಕ್ಷತ್ರದ ಹೆಸರು ಬೇಕು. ಮೊದಲು ಅಕ್ಷರದಲ್ಲೇ ಇಟ್ಟೆ. ಪಂಚಾಂಗ ಸಿಗದ ವರ್ಷಗಳಲ್ಲಿ ಖಾಲಿ ಬಿಟ್ಟಿದ್ದೆ, ನ್ಯಾನ್ ಆಗಿತ್ತು. ಉಳಿಸಿ ಓದಿದ ಮೇಲೆ ಅವೆಲ್ಲ ಉದ್ದ ಸೊನ್ನೆಯ ಖಾಲಿ ಹೆಸರಾಗಿದ್ದವು. ಕಾಣೆಯಾದವೆಷ್ಟು ಅಂತ ಕೇಳಿದರೆ ಒಂದೂ ಇಲ್ಲ ಅನ್ನುತ್ತೆ. ನಕ್ಷತ್ರವಾರು ಗುಂಪು ಮಾಡಿದಾಗ ಹೆಸರಿಲ್ಲದ ಒಂದು 28ನೇ ಗುಂಪು ಬಂದಿದ್ದರಿಂದ ತಿಳಿಯಿತು.

ಈಗ 1ರಿಂದ 27, ಇಂಟ್8. ಗೊತ್ತಿಲ್ಲದ್ದಕ್ಕೆ 0. ಹೆಸರುಗಳು ಅಟ್ರಿಬ್ಯೂಟ್‌ನಲ್ಲಿ. ಹವಾಮಾನ ಫೈಲುಗಳ ಸಿಎಫ್ ನಿಯಮದಲ್ಲಿ ಇದಕ್ಕೆಂದೇ ಫ್ಲಾಗ್ ವ್ಯಾಲ್ಯೂಸ್, ಫ್ಲಾಗ್ ಮೀನಿಂಗ್ಸ್ ಅಂತ ಎರಡು ಹೆಸರಿವೆ. ಫ್ಲಾಗ್ ವ್ಯಾಲ್ಯೂಸ್ ಕೂಡ ಇಂಟ್8 ಆಗಿರಬೇಕು. ಪೈಥಾನ್‌ನ ಸಾದಾ ಪಟ್ಟಿ ಕೊಟ್ಟರೆ ಅದು ಇಂಟ್64 ಆಗಿ ಹೋಗುತ್ತೆ, ನಿಯಮಕ್ಕೆ ಹೊಂದಲ್ಲ. ನಂಪೈ ಅರೇಯಾಗಿಯೇ ಕೊಡಬೇಕು.

ಹಂತ 8: 23 ದಿನ ಎಲ್ಲಿ ಹೋಯಿತು

ಹೂ ಮಳೆಗೆ ಮೊದಲಿನ ಒಣ ದಿನಗಳ ಲೆಕ್ಕ, ವರ್ಷಕ್ಕೊಂದು ಅಂಕಿ. ಇಂಟ್16. ಯೂನಿಟ್ಸ್ ಅಟ್ರಿಬ್ಯೂಟ್‌ನಲ್ಲಿ ಡೇಸ್ ಅಂತ ಬರೆದೆ. ಬರೆಯಲೇಬೇಕಲ್ಲ, ದಿನಗಳೇ ತಾನೆ.

ಓದಿದಾಗ 23ರ ಜಾಗದಲ್ಲಿ 1987200000000000. ಯೂನಿಟ್ಸ್ ಡೇಸ್ ಅಂತ ಕಂಡರೆ ಎಕ್ಸ್‌ಅರೇ ಅದನ್ನು ಕಾಲಾವಧಿ ಅಂತ ತಿಳಿದು ಟೈಮ್‌ಡೆಲ್ಟಾ64ಗೆ ಬದಲಾಯಿಸುತ್ತೆ. ಅಂಕಿ ನ್ಯಾನೋಸೆಕೆಂಡಿನಲ್ಲಿ. ಫೈಲು ಸರಿಯಾಗಿಯೇ ಇತ್ತು, ಎನ್‌ಸಿಡಂಪ್‌ನಲ್ಲಿ 23 ಅಂತಲೇ ಕಾಣುತ್ತಿತ್ತು. ಓದುವಾಗ ಡಿಕೋಡ್ ಟೈಮ್‌ಡೆಲ್ಟಾ ಬೇಡ ಅಂತ ಹೇಳಿದರೆ ಸರಿಹೋಗುತ್ತೆ. ಹೊಸ ಆವೃತ್ತಿಗಳು ಈ ಬಗ್ಗೆ ಎಚ್ಚರಿಕೆ ಕೊಡುತ್ತವೆ, ಮುಂದೆ ತಾನಾಗಿ ಬದಲಾಯಿಸಲ್ಲ ಅಂತ. ಆದರೆ ನನ್ನ ಫೈಲು ತೆರೆಯುವವರ ಬಳಿ ಯಾವ ಆವೃತ್ತಿ ಇರುತ್ತೋ. ಅದಕ್ಕೆ ಯೂನಿಟ್ಸ್‌ನಲ್ಲಿ ಬರೀ 1 ಅಂತ ಇಟ್ಟು, ವಿವರಣೆಯಲ್ಲಿ ದಿನಗಳ ಎಣಿಕೆ ಅಂತ ಬರೆದೆ.

ಹಂತ 9: ಇನ್ನೊಂದು ಲ್ಯಾಪ್‌ಟಾಪ್

ಗೆಳೆಯನ ಲ್ಯಾಪ್‌ಟಾಪಿನಲ್ಲಿ ಅದೇ ಸ್ಕ್ರಿಪ್ಟ್ ಓಡಿಸಿದಾಗ ಹೊರಬಂದ ಫೈಲೇ ಬೇರೆ. ಅಲ್ಲಿ ನೆಟ್‌ಸಿಡಿಎಫ್4 ಪ್ಯಾಕೇಜು ಇರಲಿಲ್ಲ. ಸೈಪೈ ಅನ್ನುವ ಇನ್ನೊಂದು ಪ್ಯಾಕೇಜು ಮಾತ್ರ ಇತ್ತು. ಸೈಪೈಗೆ ಬರೆಯಲು ಬರೋದು ಹಳೆಯ ನೆಟ್‌ಸಿಡಿಎಫ್3 ಮಾತ್ರ, ಎಕ್ಸ್‌ಅರೇ ಕೇಳದೇ ಅದನ್ನೇ ಬಳಸಿತು. ಆ ಹಳೆಯ ರೂಪದಲ್ಲಿ ಇಂಟ್64 ಇಲ್ಲ, ಅಕ್ಷರ ಸರಣಿಯೂ ಇಲ್ಲ. ನಾನು ಬಗೆ ಹೇಳದೆ ಬಿಟ್ಟಿದ್ದ ಇಂಟ್64 ಅಂಕಣ ಇಂಟ್32 ಆಗಿತ್ತು. ಕೊಟ್ಟಿಗೆಹಾರ ಬೈಟುಗಳಾಗಿ ಒಡೆದು, 33 ಉದ್ದದ ಹೊಸ ಆಯಾಮ ಒಂದು ಹುಟ್ಟಿತ್ತು. ಕನ್ನಡದ ಪ್ರತಿ ಚಿಹ್ನೆಗೂ 3 ಬೈಟು, 11 ಚಿಹ್ನೆಗೆ 33. ಒಂದು ತೋಟದ ಲಾಗರಿನ (ತಾನೇ ದಾಖಲಿಸುವ ಯಂತ್ರ) 10 ಅಂಕಿಯ ಸೀರಿಯಲ್ ನಂಬರು ಇಂಟ್32ಕ್ಕೆ ಹಿಡಿಸದೆ ಅಲ್ಲೇ ತಪ್ಪು ಬಂತು. ಆ ತಪ್ಪಿನಿಂದಲೇ ಉಳಿದದ್ದೆಲ್ಲ ಗೊತ್ತಾಗಿದ್ದು.

ಈಗ ಸ್ಕ್ರಿಪ್ಟಿನಲ್ಲಿ ಎಂಜಿನ್ (ಫೈಲು ಬರೆಯುವ ಪ್ಯಾಕೇಜು) ಮತ್ತು ಫೈಲಿನ ರೂಪ ಎರಡನ್ನೂ ಹೆಸರಿಸಿದ್ದೇನೆ. ಪ್ಯಾಕೇಜು ಇಲ್ಲದಿದ್ದರೆ ಓಡದೆ ನಿಲ್ಲಲಿ. ಸೀರಿಯಲ್ ನಂಬರನ್ನು ಅಕ್ಷರವಾಗಿ ಇಟ್ಟೆ, ಅದನ್ನು ಯಾರೂ ಕೂಡಿಸಿ ಕಳೆಯಲ್ಲ.

ಹಂತ 10: ಉಪಗ್ರಹದ ಮಳೆ ಜೊತೆ ಹೋಲಿಕೆ

ಹವಾಮಾನ ಇಲಾಖೆಯ 0.25 ಡಿಗ್ರಿ ಮಳೆ ಜಾಲದ (ಚೌಕ ಚೌಕವಾಗಿ ಕೊಟ್ಟ ಮಳೆ ಅಂಕಿ) ಜೊತೆ ಹೋಲಿಸಿದಾಗ ಏನೂ ತೊಂದರೆ ಆಗಲಿಲ್ಲ. 0.1 ಡಿಗ್ರಿಯ ಉಪಗ್ರಹದ ಜಾಲ ತಂದಾಗ ಕಳೆಯುವ ಲೆಕ್ಕದ ಉತ್ತರದಲ್ಲಿ ಒಂದು ಸಾಲೂ ಇಲ್ಲ. ಅದರ ಅಕ್ಷಾಂಶ ಫ್ಲೋಟ್32, ನನ್ನದು ಫ್ಲೋಟ್64. 13.15 ಅನ್ನೋದು ಫ್ಲೋಟ್32ರಲ್ಲಿ 13.1499996 ಆಗಿರುತ್ತೆ. ಎರಡೂ ಒಂದೇ ಅಲ್ಲ ಅಂತ ಎಕ್ಸ್‌ಅರೇ ಎರಡನ್ನೂ ಬಿಟ್ಟುಬಿಟ್ಟಿತು. 0.25 ಎರಡರ ಘಾತ, ಎರಡು ಬಗೆಯಲ್ಲೂ ಕರಾರುವಾಕ್ಕಾಗಿ ಕೂರುತ್ತೆ, ಅದಕ್ಕೇ ಅಲ್ಲಿ ಗೊತ್ತಾಗಲಿಲ್ಲ. ಹೊರಗಿನ ಫೈಲಿನ ಅಕ್ಷಾಂಶ ರೇಖಾಂಶವನ್ನು ಫ್ಲೋಟ್64 ಮಾಡಿ 2 ದಶಮಾಂಶಕ್ಕೆ ಉರುಟು ಮಾಡಿದೆ. ಜೊತೆಗೆ ಎಕ್ಸ್‌ಅರೇಗೆ ಅರಿಥ್ಮೆಟಿಕ್ ಜಾಯಿನ್ ಎಕ್ಸಾಕ್ಟ್ ಅಂತ ಹೇಳಿದೆ. ಇನ್ನು ಹೊಂದದಿದ್ದರೆ ಖಾಲಿ ಉತ್ತರ ಕೊಡದೆ ತಪ್ಪು ತೋರಿಸುತ್ತೆ.

ಹೊರಗಿನ ಫೈಲಿನಿಂದ ಇನ್ನೊಂದು ಬರುತ್ತೆ: ಹಳೆಯ ಎನ್‌ಕೋಡಿಂಗ್. ಯುರೋಪಿನ ಇಆರ್‌ಎ5 ಅನ್ನುವ ಹವಾಮಾನ ದತ್ತಾಂಶದ ಹಳೆಯ ಫೈಲುಗಳು ಇಂಟ್16ರಲ್ಲಿವೆ, ಒಂದೊಂದಕ್ಕೂ ಒಂದೊಂದು ಸ್ಕೇಲ್ ಫ್ಯಾಕ್ಟರ್. ಹಲವು ಫೈಲು ಕೂಡಿಸಿದರೆ ಮೊದಲ ಫೈಲಿನದ್ದೇ ಉಳಿಯುತ್ತೆ, ಉಳಿಸುವಾಗ ಎಲ್ಲಕ್ಕೂ ಅದೇ ಹಚ್ಚಿಕೊಳ್ಳುತ್ತೆ. ಹಂತ 4ರ ಸುತ್ತು ಹೊಡೆಯೋದು ಇಲ್ಲೂ ಆಗುತ್ತೆ. ಓದಿದ ತಕ್ಷಣ ಡ್ರಾಪ್ ಎನ್‌ಕೋಡಿಂಗ್ ಕರೆಯಬೇಕು.

ಹಂತ 11: ತಪಾಸಣೆ

ಎಕ್ಸ್‌ಅರೇಯಲ್ಲೇ ಎರಡು ಡೇಟಾಸೆಟ್ ಒಂದೇ ಹೌದೋ ಅಂತ ನೋಡುವ ಅಸರ್ಟ್ ಐಡೆಂಟಿಕಲ್ ಇದೆ. ಅದು ಬೆಲೆ, ಹೆಸರು, ಅಟ್ರಿಬ್ಯೂಟ್ ನೋಡುತ್ತೆ. ಡಿಟೈಪ್ ನೋಡಲ್ಲ. ಪೂರ್ಣಾಂಕದ 1 ಮತ್ತು ಫ್ಲೋಟಿನ 1.0 ಅದರ ಪ್ರಕಾರ ಸಮ. ಅದಕ್ಕೆ ನಾನೇ ಒಂದು ಚಿಕ್ಕ ಫಂಕ್ಷನ್ ಬರೆದೆ. ಫೈಲು ಬರೆದು ಮುಚ್ಚುತ್ತೆ. ಮಾಸ್ಕ್, ಸ್ಕೇಲ್, ಸಮಯ ಯಾವುದನ್ನೂ ಬಿಡಿಸದೆ ಕಚ್ಚಾ ರೂಪದಲ್ಲಿ ತೆರೆಯುತ್ತೆ. ಪ್ರತಿ ಅಂಕಣದ ಡಿಟೈಪನ್ನು ನಾನು ಬರೆದಿಟ್ಟ ಪಟ್ಟಿಯ ಜೊತೆ ಹೋಲಿಸುತ್ತೆ. ಮತ್ತೆ ಮಾಮೂಲಿಯಾಗಿ ತೆರೆದು, ಮಿಲಿಮೀಟರನ್ನು 0.254ರಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದು, ಟೈಪ್ ಮಾಡಿದ ಮೂಲ ಸೆಂಟುಗಳ ಜೊತೆ ಒಂದೊಂದಾಗಿ ಹೋಲಿಸುತ್ತೆ. ಮಿಲಿಮೀಟರ್ ಗಾಜಿನ ಸಾಲುಗಳಿಗೆ 0.1ರಿಂದ. 944.2 ಮತ್ತು 16 ಇಂಚು 24 ಸೆಂಟಿನ ಪರೀಕ್ಷಾ ಸಾಲುಗಳು ಈ ತಪಾಸಣೆಯ ಜೊತೆ ಖಾಯಂ ಉಳಿದಿವೆ.

ಈಗಿನ ಸ್ಥಿತಿ: ಮಳೆ ಇಂಟ್32, ಸ್ಕೇಲ್ 0.002, ಫಿಲ್‌ವ್ಯಾಲ್ಯೂ ಮೈನಸ್ 9,999. ಸಮಯ ಇಂಟ್32. ಗುರುತು, ಗಾಜು, ಮಳೆ ದಿನ, ನಕ್ಷತ್ರ ಎಲ್ಲ ಇಂಟ್8. ಒಣ ದಿನ ಇಂಟ್16. ಅಕ್ಷಾಂಶ ರೇಖಾಂಶ ಫ್ಲೋಟ್64. ಊರ ಹೆಸರು, ಸೀರಿಯಲ್ ನಂಬರು ಅಕ್ಷರ. ಫೈಲು ತಪಾಸಣೆ ದಾಟಿದೆ.

ಒಂದು ಬಾಕಿ ಇದೆ. ಐದನೇ ತೋಟದವರು ಗಾಜು ಬದಲಾಯಿಸಿದ್ದು ಯಾವ ದಿನ ಅಂತ ಪುಸ್ತಕದಲ್ಲಿ ಬರೆದಿಲ್ಲ. ನಡುವಿನ ಕೆಲವು ವಾರಗಳಲ್ಲಿ ಅಂಕಿ ನೋಡಿದರೆ ಎರಡೂ ಆಗಬಹುದು ಅನಿಸುತ್ತೆ. ಆ ಸಾಲುಗಳಲ್ಲಿ ಗಾಜಿನ ಅಂಕಣಕ್ಕೆ ಮೈನಸ್ 1 ಹಾಕಿ, ಮಳೆಯನ್ನು ಫಿಲ್‌ವ್ಯಾಲ್ಯೂ ಮಾಡಿ, ಬರೆದಿದ್ದ ಅಂಕಿಯನ್ನು ಅಕ್ಷರವಾಗಿ ಬೇರೆ ಅಂಕಣದಲ್ಲಿ ಇಟ್ಟಿದ್ದೇನೆ. ಪಕ್ಕದ ತೋಟದ ಅದೇ ದಿನಗಳ ಮಳೆ ಜೊತೆ ಇಟ್ಟು ನೋಡಿ, ರೈಟರನ್ನು ಮತ್ತೊಮ್ಮೆ ಕೇಳಿ ತುಂಬಬೇಕು.